ವ್ಯಾಟ್ ನೋಡಿ ಕೊಂಡೆ, ಮಾತು ಕೇಳಿಸಲಿಲ್ಲ: ಕಮ್ಮಿ ದುಡ್ಡಲ್ಲಿ ಹೋಮ್ ಥಿಯೇಟರ್ ರಿಸೀವರ್

ಆಂಡರ್ಸನ್‌ಪೇಟೆಯಿಂದ ಮಾತಾಡ್ತಿದ್ದೀನಿ. ಮಧ್ಯೆ ಪಕ್ಕದ ಮನೆ ಕುಕ್ಕರ್ ಕೂಗಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ, ಗೋಡೆ ಅಷ್ಟೇ ದಪ್ಪ ಇರೋದು. ಆ ಗೋಡೆ ವಿಷಯಕ್ಕೆ ಆಮೇಲೆ ಬರ್ತೀನಿ, ಯಾಕಂದ್ರೆ ಇವತ್ತಿನ ವಿಷಯಕ್ಕೂ ಅದಕ್ಕೂ ಸಂಬಂಧ ಇದೆ.

ಇವತ್ತಿನ ವಿಷಯ ಹೋಮ್ ಥಿಯೇಟರ್ ರಿಸೀವರ್. ಬಿ.ಕಾಂ ಮಾಡಿದವನಿಗೆ ಆಂಪ್ಲಿಫೈಯರ್ ಯಾಕೆ ಬೇಕು ಅಂತ ಕೇಳ್ಬೇಡಿ. ದುಡ್ಡು ಕಳ್ಕೊಂಡ ಮೇಲೆ ಎಲ್ಲಾ ಸಬ್ಜೆಕ್ಟೂ ಅರ್ಥ ಆಗುತ್ತೆ.

ನಮ್ಮೂರಿನ ಹೆಸರಲ್ಲಿ 2018ರಲ್ಲಿ ಒಂದು ಸಿನಿಮಾ ಬಂತು, ನಿಮಗೆಲ್ಲ ಗೊತ್ತು. ಅದು ಮೊಬೈಲಿಗೆ, ಟಿವಿಗೆ ಬಂದ ಮೇಲೆ ಒಂದು ಭಾನುವಾರ ಮನೆಯವರೆಲ್ಲ ಕೂತು ನೋಡಿದ್ವಿ. ಆ ರೂಮಲ್ಲಿ ನಿಜವಾಗಿ ಗಣಿ ಒಳಗೆ ಇಳಿದು ಕೆಲಸ ಮಾಡಿದವರು ಒಬ್ಬರೇ, ನಮ್ಮ ತಾತ. ಚಾಂಪಿಯನ್ ರೀಫ್‌ನಲ್ಲಿ ಡ್ರಿಲ್ ಹಿಡಿದಿದ್ದವರು. ಅರ್ಧ ಸಿನಿಮಾಗೆ ಎದ್ದು ಹೊರಗೆ ಹೋಗಿ ಕೂತ್ರು. ಯಾಕೆ ತಾತ ಅಂದ್ರೆ, "ಲೋ, ಹಾಡು ಬಂದ್ರೆ ಕಿವಿ ಕಿತ್ತೋಗ್ತೈತೆ, ಮಾತು ಬಂದ್ರೆ ತುಟಿ ನೋಡ್ಕಂಡು ಕೂತ್ಕಬೇಕು. ಏನ್ ನೋಡೋದು?" ಅಂದ್ರು.

ನನಗೆ ಅವಮಾನ ಆದಂಗಾಯ್ತು. ಮಾರನೇ ವಾರ ಹೋಗಿ 6,500 ರೂಪಾಯಿ ಕೊಟ್ಟು ಒಂದು "5.1 ಹೋಮ್ ಥಿಯೇಟರ್" ತಂದೆ. ಬಾಕ್ಸ್ ಮೇಲೆ ಬೆಂಕಿ ಚಿತ್ರ, ಸಾವಿರಗಟ್ಟಲೆ ವ್ಯಾಟ್, ಬ್ಲೂಟೂತ್, ಎಫ್ಎಂ, ಪೆನ್ ಡ್ರೈವ್, ಬಣ್ಣ ಬಣ್ಣದ ಲೈಟು. ಐದು ಚಿಕ್ಕ ಡಬ್ಬ, ಒಂದು ದೊಡ್ಡ ಡಬ್ಬ. ಹಾಡು ಹಾಕಿದ್ರೆ ಬೀದಿಯವರೆಲ್ಲ ಬಂದು ಕೇಳಿದ್ರು. ಸಿನಿಮಾ ಹಾಕಿದ್ರೆ ತಾತ ಮತ್ತೆ ಹೊರಗೆ ಹೋಗಿ ಕೂತ್ರು. ಮೊದಲಿಗಿಂತ ಬೇಗ.

ಯಾಕೆ ಹಾಗಾಯ್ತು ಅನ್ನೋದು ಅರ್ಥ ಆಗ್ಬೇಕಂದ್ರೆ ಮೊದಲು ಕಿವಿ ವಿಷಯ ಸ್ವಲ್ಪ ಹೇಳ್ಬೇಕು. ವರ್ಷಗಟ್ಟಲೆ ಜೋರು ಶಬ್ದದಲ್ಲಿ ಕೆಲಸ ಮಾಡಿದವರ ಕಿವಿ ಎಲ್ಲಾ ಶಬ್ದಕ್ಕೂ ಒಂದೇ ಸಮ ಮಂದ ಆಗಲ್ಲ. ಮೊದಲು ಏಟು ಬೀಳೋದು 3,000ದಿಂದ 6,000 ಹರ್ಟ್ಸ್ ಭಾಗಕ್ಕೆ, ಅದರಲ್ಲೂ 4,000ದ ಆಸುಪಾಸಿಗೆ. ಮಾತಲ್ಲಿ ಸ್ವರಗಳು, ಅಂದ್ರೆ ಅ, ಆ, ಉ ಎಲ್ಲ ಕೆಳಗಿನ ಭಾಗದಲ್ಲಿ ಗಟ್ಟಿಯಾಗಿ ಇರ್ತವೆ. ಕ, ಚ, ತ, ಸ ತರದ ವ್ಯಂಜನಗಳ ಗುರುತು ಇರೋದು ಮೇಲಿನ ಭಾಗದಲ್ಲಿ, ಅದೂ ತುಂಬಾ ಮೆತ್ತಗೆ. ಹಾಗಾಗಿ ಕಾಲು, ಸಾಲು, ಪಾಲು ಮೂರೂ ತಾತನಿಗೆ "ಆಲು" ಅಂತಲೇ ಕೇಳ್ಸುತ್ತೆ. ನಾವು ವಾಲ್ಯೂಮ್ ಜಾಸ್ತಿ ಮಾಡಿದ್ರೆ ಏನಾಗುತ್ತೆ? "ಆಲು" ಇನ್ನೂ ಜೋರಾಗುತ್ತೆ. ಡ್ರಮ್ಮು ಅದಕ್ಕಿಂತ ಜೋರಾಗುತ್ತೆ. ಕ, ಸ, ಪ ಎಲ್ಲಿತ್ತೋ ಅಲ್ಲೇ.

ಗಣಿ ಕೆಲಸದವರಿಗೆ ಮಾತ್ರ ಅಲ್ಲ, ವಯಸ್ಸಾದ ಯಾರಿಗೇ ಆದ್ರೂ ಮೇಲಿನ ಭಾಗವೇ ಮೊದಲು ಹೋಗೋದು. ನಿಮ್ಮ ಮನೇಲಿ ಅಜ್ಜಿ "ಈಗಿನ ಸಿನಿಮಾದೋರು ಗೊಣಗ್ತಾರೆ" ಅಂತಿದ್ರೆ ಅದು ಬರೀ ಹಳೇ ಕಾಲದವರ ಗೊಣಗಾಟ ಅಲ್ಲ. ಇನ್ನೊಂದು ಮಾತು, ಮರೆಯೋ ಮುಂಚೆ: ಯಾವ ರಿಸೀವರ್ರೂ ಕಿವಿ ಪರೀಕ್ಷೆಗೆ ಬದಲಿ ಅಲ್ಲ. ಇಎನ್‌ಟಿ ಡಾಕ್ಟರ್ ಹತ್ರ ಒಂದ್ಸಲ ತೋರಿಸಿ. ಮೈಸೂರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಂತ ಇದಕ್ಕೇ ಒಂದು ದೊಡ್ಡ ಸರ್ಕಾರಿ ಸಂಸ್ಥೆ ಇದೆ.

ಸರಿ, ಈಗ ಸಿನಿಮಾ ಕಡೆ. 5.1 ಅಂದ್ರೆ ಆರು ಬೇರೆ ಬೇರೆ ಟ್ರ್ಯಾಕ್. ಮುಂದೆ ಎಡ, ಬಲ, ನಡುವೆ ಸೆಂಟರ್, ಹಿಂದೆ ಎರಡು, ಆ ".1" ಅನ್ನೋದು ಗುಡುಗು ಸಿಡಿಲಿಗೆ. ಡೈಲಾಗ್ ಬಹುಪಾಲು ಇರೋದು ಸೆಂಟರ್ ಒಂದರಲ್ಲೇ. ಬರೀ ಟಿವಿ ಸ್ಪೀಕರಲ್ಲಿ ನೋಡುವಾಗ ಟಿವಿ ಈ ಎಲ್ಲವನ್ನೂ ಕಲಸಿ ಎರಡು ಚಾನೆಲ್ ಮಾಡುತ್ತೆ. ಒಂದ್ಸಲ ಕಲಸಿದ ಮೇಲೆ ಮಾತನ್ನ ಬೇರೆ, ಮ್ಯೂಸಿಕ್ ಬೇರೆ ಮಾಡೋಕಾಗಲ್ಲ. ಮುದ್ದೆಯಿಂದ ರಾಗಿ ಹಿಟ್ಟು ವಾಪಸ್ ತೆಗೆದಂಗೆ. ಮೇಲಿಂದ ಈಗಿನ ತೆಳ್ಳನೆ ಟಿವಿಗಳಲ್ಲಿ ಸ್ಪೀಕರ್ ಮುಖ ಕೆಳಗೋ ಹಿಂದಕ್ಕೋ ಇರುತ್ತೆ. ಕ, ಸ ತರದ ಶಬ್ದ ನೇರವಾಗಿ ನಮ್ಮ ಕಡೆ ಬರೋದೇ ಇಲ್ಲ.

ನಾನು ತಂದ ಡಬ್ಬ ಮಾಡ್ತಿದ್ದದ್ದು ಇನ್ನೂ ಮಜಾ. ಅದರ ಹಿಂದೆ ಇದ್ದದ್ದು ಕೆಂಪು ಬಿಳಿ ಪಿನ್ನು ಮಾತ್ರ. ಟಿವಿಯಿಂದ ಅದಕ್ಕೆ ಹೋಗ್ತಿದ್ದದ್ದು ಆಗಲೇ ಕಲಸಿದ ಎರಡು ಚಾನೆಲ್. ಆ ಎರಡನ್ನೇ ಐದು ಕಡೆ ಹಂಚ್ತಿತ್ತು. ಐದು ಸ್ಪೀಕರ್ ಇದ್ದ ಮಾತ್ರಕ್ಕೆ 5.1 ಅಲ್ಲ, ಒಳಗೆ ಡಾಲ್ಬಿ, ಡಿಟಿಎಸ್ ಬಿಡಿಸೋ ಡಿಕೋಡರ್ ಇರ್ಬೇಕು, ಅದಕ್ಕೆ ಡಿಜಿಟಲ್ ಸಿಗ್ನಲ್ ಹೋಗೋ ದಾರಿ ಇರ್ಬೇಕು. ರಿಸೀವರ್ ಅಂತ ಕರೆಯೋದು ಇದನ್ನ ಮಾಡೋ ಪೆಟ್ಟಿಗೆಗೆ. ಸಿಗ್ನಲ್ ತಗೊಳ್ಳುತ್ತೆ, ಆರು ಭಾಗ ಬಿಡಿಸುತ್ತೆ, ಒಂದೊಂದರ ಮಟ್ಟ ಬೇರೆ ಬೇರೆ ಏರಿಸೋಕೆ ಇಳಿಸೋಕೆ ಬಿಡುತ್ತೆ, ಪವರ್ ಕೊಟ್ಟು ಸ್ಪೀಕರಿಗೆ ಕಳಿಸುತ್ತೆ. ನನಗೆ ಬೇಕಿದ್ದದ್ದು ಆ ಮೂರನೇ ಕೆಲಸ. ಸೆಂಟರ್ ಒಂದನ್ನೇ ನಾಲ್ಕು ಡೆಸಿಬೆಲ್ ಏರಿಸಿದ್ರೆ ಮಾತು ಮುಂದೆ ಬರುತ್ತೆ, ಡ್ರಮ್ಮು ಇದ್ದಲ್ಲೇ ಇರುತ್ತೆ.

ಆಮೇಲೆ ಅಂಗಡಿಗೆ ಹೋದ್ರೆ ಯಾರೂ ಇದನ್ನ ಮಾತಾಡಲ್ಲ. "ಎಷ್ಟ್ ವ್ಯಾಟ್ ಬೇಕು ಬ್ರೋ?" ಅಂತಾನೆ ಶುರು.

ವ್ಯಾಟ್ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ದುಡ್ಡು ಹೋಗೋದೇ ಇಲ್ಲಿ. ಯಮಹಾ ಆರ್‌ಎಕ್ಸ್-ವಿ385 ಅಂತ 2018ರಲ್ಲಿ ಬಂದ ಒಂದು ಎಂಟ್ರಿ ಲೆವೆಲ್ 5.1 ರಿಸೀವರ್ ಇದೆ. ಅದರ ಸ್ಪೆಕ್ ಶೀಟಲ್ಲಿ ಒಂದೇ ಪೆಟ್ಟಿಗೆಗೆ ಮೂರು ನಂಬರ್ ಇದೆ: 70, 100, 135 ವ್ಯಾಟ್. ಸುಳ್ಳೇನೂ ಅಲ್ಲ, ಮೂರೂ ನಿಜ. 70 ಅಂದ್ರೆ 20ರಿಂದ 20,000 ಹರ್ಟ್ಸ್ ಪೂರ್ತಿ, ಎರಡು ಚಾನೆಲ್ ಒಟ್ಟಿಗೆ ಓಡಿಸಿ, ಶಬ್ದ ಶುದ್ಧವಾಗಿ ಇರುವಾಗ ಬರೋದು. 100 ಅಂದ್ರೆ ಒಂದೇ ಚಾನೆಲ್, ಅದೂ 1,000 ಹರ್ಟ್ಸ್ ಒಂದೇ ಸ್ವರ. 135 ಅಂದ್ರೆ ಒಂದೇ ಚಾನೆಲ್, ಒಂದೇ ಸ್ವರ, ಜೊತೆಗೆ 10 ಪರ್ಸೆಂಟ್ ಡಿಸ್ಟಾರ್ಷನ್, ಅಂದ್ರೆ ಶಬ್ದ ಹರಿದುಹೋಗೋವರೆಗೂ ಎಳೆದು ಅಳೆದದ್ದು. ಪ್ರಾಫಿಟ್ ಅಂಡ್ ಲಾಸ್ ಅಕೌಂಟಲ್ಲಿ ಒಂದೇ ಲಾಭನ ಗ್ರಾಸ್, ನೆಟ್ ಅಂತ ಮೂರು ತರ ತೋರಿಸ್ತೀವಲ್ಲ, ಹಾಗೆ. ಜಾಹೀರಾತಲ್ಲಿ ದಪ್ಪ ಅಕ್ಷರದಲ್ಲಿ ಯಾವುದು ಬರುತ್ತೆ ಅಂತ ನಾನು ಹೇಳ್ಬೇಕಾ?

ಇದು ಹಳೇ ಜಗಳ. 1974ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಂಪ್ಲಿಫೈಯರ್ ವ್ಯಾಟ್ ಹೇಗೆ ಹೇಳ್ಬೇಕು ಅಂತ ನಿಯಮ ಮಾಡ್ತು, ಕಂಪನಿಗಳು ಬಾಯಿಗೆ ಬಂದ ನಂಬರ್ ಹಾಕ್ತಿದ್ವು ಅಂತ. ಆ ಎರಡು ಚಾನೆಲ್ ನಂಬರ್ ಸ್ಪೆಕ್ ಶೀಟಲ್ಲಿ ಕೂತಿರೋದಕ್ಕೆ ಅಂತ ನಿಯಮಗಳೇ ಕಾರಣ. ನೀವು ಹೋಲಿಸುವಾಗ ಆ ನಂಬರನ್ನೇ ಹೋಲಿಸಿ. ಎಷ್ಟು ಓಮ್‌ಗೆ ಅಂತಲೂ ನೋಡಿ, 6 ಓಮಿನ 70ನ್ನ 8 ಓಮಿನ 70ರ ಜೊತೆ ಹೋಲಿಸೋಕಾಗಲ್ಲ.

ಪಿಎಂಪಿಒ ಅಂತ ಬರೆದಿದ್ರೆ ಆ ನಂಬರನ್ನ ಓದೋದೇ ಬೇಡ. ನಮ್ಮ ಕಡೆ ಅಸೆಂಬಲ್ ಮಾಡಿ ಮಾರೋ ಆಂಪ್‌ಗಳಲ್ಲಿ ಎಲ್‌ಎ 4440 ಅನ್ನೋ ಐಸಿ ಎಷ್ಟೋ ವರ್ಷದಿಂದ ಫೇಮಸ್. ಅದರ ಡೇಟಾಶೀಟ್ ಪ್ರಕಾರ ಎರಡು ಚಾನೆಲ್ ಆದ್ರೆ 6 ವ್ಯಾಟ್, 6 ವ್ಯಾಟ್. ಎರಡೂ ಸೇರಿಸಿ ಒಂದು ಮಾಡಿದ್ರೆ 19. ಅದರ ಕ್ಯಾಬಿನೆಟ್ ಮೇಲೆ ಸ್ಟಿಕ್ಕರ್ ಎಷ್ಟು ಬೇಕಾದ್ರೂ ಅಂಟಿಸ್ಬಹುದು. ಆ ಆಂಪ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಗಣೇಶನ ಪೆಂಡಾಲಲ್ಲಿ ನಾವೂ ಕುಣಿದಿದ್ದೀವಿ. ಅದು ರಿಸೀವರ್ ಅಲ್ಲ, ಅಷ್ಟೇ.

ಹಾಗಾದ್ರೆ ಎಷ್ಟು ವ್ಯಾಟ್ ಬೇಕು? ಒಂದು ಲೆಕ್ಕ. ಸಾಧಾರಣ ಸ್ಪೀಕರಿಗೆ ಸೆನ್ಸಿಟಿವಿಟಿ 87 ಡೆಸಿಬೆಲ್ ಅಂತ ಬರೆದಿರುತ್ತೆ ಅಂದ್ಕೊಳ್ಳಿ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ್ರೆ ಅಷ್ಟು ಶಬ್ದ ಅಂತ ಅರ್ಥ. ನಮ್ಮ ಹಾಲಲ್ಲಿ ತಾತ ಕೂರೋದು 8 ಅಡಿ ದೂರ, ಅಲ್ಲಿಗೆ ಬರೋಷ್ಟರಲ್ಲಿ 80 ಅಂತ ಇಟ್ಕೊಳ್ಳಿ. 80 ಅಂದ್ರೆ ಆಗಲೇ ಜೋರು. ವ್ಯಾಟ್ ಹತ್ತು ಪಟ್ಟು ಆದ್ರೆ 10 ಡೆಸಿಬೆಲ್ ಏರುತ್ತೆ. ಅಂದ್ರೆ 10 ವ್ಯಾಟಿಗೆ 90, 100 ವ್ಯಾಟಿಗೆ 100. ಹತ್ತಡಿ ಹನ್ನೆರಡಡಿ ರೂಮಲ್ಲಿ ಮಾತು ನಡೀವಾಗ ನೀವು ಖರ್ಚು ಮಾಡೋದು ಒಂದೆರಡು ವ್ಯಾಟು. ವ್ಯಾಟ್ ಎರಡು ಪಟ್ಟು ಆದ್ರೆ ಏರೋದು ಬರೀ 3 ಡೆಸಿಬೆಲ್. ಆ 70ಕ್ಕೂ 135ಕ್ಕೂ ಇರೋ ವ್ಯತ್ಯಾಸ 3ಕ್ಕೂ ಕಮ್ಮಿ. ಅದಕ್ಕೋಸ್ಕರ ಹತ್ತು ಸಾವಿರ ಜಾಸ್ತಿ ಕೊಡೋಕೆ ನನ್ನ ಅಕೌಂಟೆನ್ಸಿ ಒಪ್ಪಲ್ಲ.

ಕನೆಕ್ಷನ್ ವಿಷಯ. ನಮ್ಮಲ್ಲಿ ಈಗ ಸಿನಿಮಾ ಬರೋದು ಟಿವಿಯೊಳಗಿನ ಆಪಿಂದ. ಹಾಗಾಗಿ ಚಿತ್ರ ಟಿವಿಯಲ್ಲೇ ಉಳಿಯುತ್ತೆ, ಶಬ್ದ ಮಾತ್ರ ವಾಪಸ್ ರಿಸೀವರಿಗೆ ಬರ್ಬೇಕು. ಆ ವಾಪಸ್ ದಾರಿ ಹೆಸರು ಎಆರ್‌ಸಿ. 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಬಂತು. ಟಿವಿ ಹಿಂದೆ ಒಂದು ಪೋರ್ಟ್ ಪಕ್ಕ ಅದೇ ಹೆಸರು ಬರೆದಿರುತ್ತೆ, ಎಲ್ಲಾ ಪೋರ್ಟಲ್ಲೂ ಇರಲ್ಲ, ತಪ್ಪು ತೂತಿಗೆ ಹಾಕಿ ಅರ್ಧ ದಿನ ತಲೆ ಕೆಡಿಸ್ಕೋಬೇಡಿ. ನಾನು ಕೆಡಿಸ್ಕೊಂಡೆ. ಇಎಆರ್‌ಸಿ ಅನ್ನೋದು ಅದರ ದೊಡ್ಡಣ್ಣ, ಬ್ಲೂರೇ ಡಿಸ್ಕಲ್ಲಿರೋ ಡಾಲ್ಬಿ ಟ್ರೂಎಚ್‌ಡಿ ತರದ ಭಾರಿ ಆಡಿಯೋನೂ ಹೊರುತ್ತೆ. ಆದರೆ ಆಪ್‌ಗಳಲ್ಲಿ ಬರೋದು ಡಾಲ್ಬಿ ಡಿಜಿಟಲ್ ಪ್ಲಸ್. ಅದಕ್ಕೆ ಸಾದಾ ಎಆರ್‌ಸಿ ಸಾಕು. ನಿಮ್ಮ ಹತ್ರ ಬ್ಲೂರೇ ಪ್ಲೇಯರ್ ಇಲ್ಲ ಅಂದ್ರೆ ಇಎಆರ್‌ಸಿಗೆ ದುಡ್ಡು ಸುರಿಯೋ ಕಾರಣ ನನಗಂತೂ ಕಾಣ್ಸಲ್ಲ. ಟಿವಿ ಹಳೇದು, ಎಆರ್‌ಸಿನೇ ಇಲ್ಲ ಅಂದ್ರೆ ಆಪ್ಟಿಕಲ್ ಇರುತ್ತೆ. ಅದು ಡಾಲ್ಬಿ ಡಿಜಿಟಲ್ 5.1 ವರೆಗೂ ಹೊರುತ್ತೆ, ಡಿಜಿಟಲ್ ಪ್ಲಸ್ ಹೊರಲ್ಲ. ತಾತನ ಕೆಲಸಕ್ಕೆ ಅದೂ ನಡೆಯುತ್ತೆ, ಯಾಕಂದ್ರೆ ಸೆಂಟರ್ ಬೇರೆಯಾಗೇ ಬರುತ್ತಲ್ಲ.

ಅಟ್ಮಾಸ್? ಕೇಳ್ತೀರಾ ಅಂತ ಗೊತ್ತಿತ್ತು. ಅಟ್ಮಾಸ್ ಅಂದ್ರೆ ತಲೆ ಮೇಲಿಂದಲೂ ಶಬ್ದ. ಅದಕ್ಕೆ ಸೂರಲ್ಲಿ ಸ್ಪೀಕರ್ ಬೇಕು, ಇಲ್ಲಾಂದ್ರೆ ಮೇಲ್ಮುಖ ಸ್ಪೀಕರ್ ಇಟ್ಟು ಸೂರಿಗೆ ಬಡಿದು ವಾಪಸ್ ಬರೋ ಹಾಗೆ ಮಾಡ್ಬೇಕು. ಹಾಗೆ ಬಡಿಯೋಕೆ ಸೂರು ಚಪ್ಪಟೆ ಇರ್ಬೇಕು. ನಮ್ಮ ಹಾಲಿಗೆ ಇನ್ನೂ ಇಳಿಜಾರು ಹೆಂಚು. ಶಬ್ದ ಎಲ್ಲಿಗೆ ಹೋಗುತ್ತೋ ಆ ಬೆಕ್ಕಿಗೇ ಗೊತ್ತು. ಐದೇ ಸ್ಪೀಕರ್ ಇಡೋರು ಅಟ್ಮಾಸ್ ಸ್ಟಿಕ್ಕರಿಗೆ ದುಡ್ಡು ಕೊಡ್ಬೇಡಿ.

ಈಗ ನನ್ನ ಜಮಾ ಖರ್ಚು. ಚೀಟಿ ಎತ್ತಿದ್ದು 40 ಸಾವಿರ ಇತ್ತು. ಹೊಸ ರಿಸೀವರ್ ಕೇಳಿದ್ರೆ 30 ಸಾವಿರದ ಆಚೀಚೆ. ಅದನ್ನ ತಗೊಂಡ್ರೆ ಸ್ಪೀಕರಿಗೆ ಚಿಲ್ಲರೆ ಉಳಿಯುತ್ತೆ. ಬಿ.ಕಾಂನಲ್ಲಿ ಕಲಿತ ಡಿಪ್ರಿಸಿಯೇಷನ್ ಇಲ್ಲಿ ಉಪಯೋಗಕ್ಕೆ ಬಂತು. ರಿಸೀವರ್ ಒಳಗೆ ಇರೋದು ಕಂಪ್ಯೂಟರ್. ಎಚ್‌ಡಿಎಂಐ ವರ್ಷನ್ ಬದಲಾದಾಗೆಲ್ಲ ಅದರ ಬೆಲೆ ಬೀಳುತ್ತೆ. ಸ್ಪೀಕರ್ ಒಳಗೆ ಇರೋದು ಮರ, ಕಾಗದ, ಆಯಸ್ಕಾಂತ. ಹತ್ತು ವರ್ಷ ಆದ್ರೂ ಸ್ಪೀಕರ್ ಸ್ಪೀಕರ್ರೇ. ಹಾಗಾಗಿ ರಿಸೀವರ್ ಸೆಕೆಂಡ್ ಹ್ಯಾಂಡ್, ಸ್ಪೀಕರ್ ಹೊಸದು ಅಂತ ತೀರ್ಮಾನ ಮಾಡಿದೆ.

ಬೆಳಗ್ಗೆ ಮಾರಿಕುಪ್ಪಂ ರೈಲು ಹತ್ತಿ, ಆಫೀಸಿಗೆ ಹೋಗೋ ಜನದ ಮಧ್ಯೆ ನಿಂತ್ಕೊಂಡು ಬೆಂಗಳೂರಿಗೆ ಹೋದೆ. ಎಸ್‌ಪಿ ರೋಡಲ್ಲಿ ನೋಡಿದೆ, ಆಮೇಲೆ ಆನ್‌ಲೈನಲ್ಲಿ ಹಾಕಿದ್ದ ಒಬ್ಬರ ಮನೆಗೂ ಹೋದೆ. ಮನೆಯಲ್ಲಿ ಬಳಸಿದ್ದೇ ಸಿಕ್ತು, 13 ಸಾವಿರ. ಹಳೇದು ತಗೊಳ್ಳುವಾಗ ನೀವು ಕೂಡ ಅವಸರ ಮಾಡ್ಬೇಡಿ. ಆನ್ ಮಾಡಿ ಸ್ವಲ್ಪ ಹೊತ್ತಿಗೆ ಒಳಗೆ "ಟಕ್" ಅನ್ನುತ್ತೆ, ಅದು ರಿಲೇ, ಅನ್ಬೇಕು. ಪ್ರೊಟೆಕ್ಟ್ ಅಂತ ತೋರಿಸಿ ಆಫ್ ಆದ್ರೆ ಅಲ್ಲಿಂದಲೇ ಕೈ ಮುಗಿದು ಬನ್ನಿ. ಟೆಸ್ಟ್ ಟೋನ್ ಹಾಕಿ ಐದೂ ಚಾನೆಲಲ್ಲಿ ಬರುತ್ತಾ ಕೇಳಿ. ವಾಲ್ಯೂಮ್ ತಿರುಗಿಸಿದ್ರೆ ಕರಕರ ಅನ್ಬಾರದು. ಹಳೇ ರಿಸೀವರಲ್ಲಿ ಮೊದಲು ಸಾಯೋದು ಸಾಮಾನ್ಯವಾಗಿ ಎಚ್‌ಡಿಎಂಐ ಬೋರ್ಡು, ಹಾಗಾಗಿ ಒಂದೊಂದೇ ಪೋರ್ಟಿಗೆ ವೈರ್ ಹಾಕಿ ನೋಡಿ, ಅವರ ಟಿವಿಯಲ್ಲೇ ಎಆರ್‌ಸಿ ನಡೆಸಿ ತೋರ್ಸೋಕೆ ಹೇಳಿ. ಅರ್ಧ ಗಂಟೆ ಓಡಲಿ, ಬಿಸಿಯಾದ ಮೇಲೆ ಬರೋ ರೋಗಗಳೂ ಇವೆ. ರಿಮೋಟು, ರೂಮ್ ಅಳೆಯೋ ಚಿಕ್ಕ ಮೈಕು ಇದೆಯಾ ಕೇಳಿ. ಆ ಮೈಕ್ ಇಲ್ಲ ಅಂದ್ರೆ ಐನೂರೋ ಸಾವಿರವೋ ಕಮ್ಮಿ ಮಾಡ್ಸಿ. ನನಗೆ ಮೈಕ್ ಸಿಗಲಿಲ್ಲ, ಬೆಲೆ ಕಮ್ಮಿ ಮಾಡ್ಸೋಕೂ ನಾಚಿಕೆ ಆಯ್ತು. ಅವರ ಮನೇಲಿ ಕಾಫಿ ಕುಡಿದುಬಿಟ್ಟಿದ್ದೆ.

ಮುಂದಿನ ಎರಡು ಸ್ಪೀಕರಿಗೆ 12 ಸಾವಿರ, ಸೆಂಟರ್ ಒಂದಕ್ಕೇ 8 ಸಾವಿರ, ವೈರು ಸ್ಟ್ಯಾಂಡು ಎಲ್ಲ ಸೇರಿ ಒಂದು ಸಾವಿರ. ವೈರು ಎಲೆಕ್ಟ್ರಿಕಲ್ ಅಂಗಡಿಯ 1.5 ಎಂಎಂ ತಾಮ್ರದ್ದೇ, ಚಿನ್ನದ ಲೇಪದ್ದಲ್ಲ. ಚಿನ್ನ ಬೇಕಿದ್ರೆ ನಮ್ಮೂರಲ್ಲೇ ಅಗೀಬಹುದಿತ್ತು. ಒಟ್ಟು 34 ಸಾವಿರ. ಹಿಂದಿನ ಎರಡು ಸ್ಪೀಕರ್ ಸದ್ಯಕ್ಕೆ ಬೇಡ ಅಂತ ಬಿಟ್ಟೆ. ರಿಸೀವರ್ ಮೆನುವಲ್ಲಿ ಸರೌಂಡ್ "ಇಲ್ಲ" ಅಂತ ಸೆಟ್ ಮಾಡಿದ್ರೆ ಆ ಶಬ್ದ ಮುಂದಿನ ಎರಡಕ್ಕೆ ಬರುತ್ತೆ, ಏನೂ ಕಳೆದುಹೋಗಲ್ಲ. ಇದ್ದ ದುಡ್ಡಲ್ಲಿ ಐದು ಕಳಪೆ ಡಬ್ಬಕ್ಕಿಂತ ಮೂರು ಒಳ್ಳೇದು ಮೇಲು. ಸೆಂಟರ್ ಮಾತ್ರ ಸರಿಯಾದ್ದೇ ಇರಲಿ, ಕಿವಿಯ ಎತ್ತರಕ್ಕೆ ಮುಖ ಮಾಡಿ ಇಡಿ. ಶೋಕೇಸ್ ಒಳಗೆ ತುರುಕಬೇಡಿ. ರಿಸೀವರನ್ನೂ ತುರುಕಬೇಡಿ, ಮೇಲೆ ಒಂದು ಗೇಣು ಗಾಳಿ ಬಿಡಿ.

ಮನೆಗೆ ತಂದು ಹಾಕಿದ್ರೆ ಮೊದಲ ದಿನ ಸೆಂಟರಲ್ಲಿ ಸದ್ದೇ ಇಲ್ಲ! ನನ್ನ ಎದೆ ಧಸಕ್ ಅಂತು. ಆಮೇಲೆ ಗೊತ್ತಾಯ್ತು, ಟಿವಿ ಸೌಂಡ್ ಸೆಟ್ಟಿಂಗಲ್ಲಿ ಡಿಜಿಟಲ್ ಔಟ್‌ಪುಟ್ "ಪಿಸಿಎಂ" ಅಂತ ಇತ್ತು. ಎಆರ್‌ಸಿಯಲ್ಲಿ ಪಿಸಿಎಂ ಅಂದ್ರೆ ಎರಡೇ ಚಾನೆಲ್. ಅದನ್ನ "ಆಟೋ" ಅಥವಾ "ಪಾಸ್‌ಥ್ರೂ" ಅಥವಾ "ಬಿಟ್‌ಸ್ಟ್ರೀಮ್" ಮಾಡಿ, ಒಂದೊಂದು ಟಿವಿಯಲ್ಲಿ ಒಂದೊಂದು ಹೆಸರು. ಆಪಲ್ಲೂ ಆಡಿಯೋ ಭಾಷೆ ಆರಿಸುವಾಗ 5.1 ಅಂತ ಇದ್ರೆ ಅದನ್ನೇ ಒತ್ತಿ. ಎಷ್ಟೋ ಸಿನಿಮಾದಲ್ಲಿ ಒಂದು ಭಾಷೆಗೆ 5.1 ಇದ್ದು ಇನ್ನೊಂದಕ್ಕೆ ಬರೀ ಸ್ಟೀರಿಯೋ ಇರುತ್ತೆ. ಕನ್ನಡ, ತಮಿಳು, ತೆಲುಗು ಮೂರೂ ನೋಡೋ ಬೀದಿ ನಮ್ಮದು, ಹಾಗಾಗಿ ಇದು ಬೇಗ ಗೊತ್ತಾಗುತ್ತೆ.

ಧಾರಾವಾಹಿ, ನ್ಯೂಸು ಬಹುಪಾಲು ಸ್ಟೀರಿಯೋದಲ್ಲೇ ಬರೋದು. ಅದಕ್ಕೆ ರಿಸೀವರಲ್ಲಿ ಡಾಲ್ಬಿ ಸರೌಂಡ್ ಅಥವಾ ಪ್ರೋ ಲಾಜಿಕ್ ಅಂತ ಮೋಡ್ ಹಾಕಿ. ಎಡ ಬಲ ಎರಡರಲ್ಲೂ ಸಮವಾಗಿರೋದನ್ನ ಅದು ಸೆಂಟರಿಗೆ ತಳ್ಳುತ್ತೆ, ಮಾತು ಸಾಮಾನ್ಯವಾಗಿ ಹಾಗೇ ಇರುತ್ತೆ. ನಿಜವಾದ 5.1ರಷ್ಟು ಸ್ವಚ್ಛ ಅಲ್ಲ, ಆದರೂ ಕೆಲಸ ಆಗುತ್ತೆ. ಇನ್ನೊಂದು ಬಟನ್ಗೆ ಡೈನಾಮಿಕ್ ರೇಂಜ್ ಅಂತಲೋ ನೈಟ್ ಮೋಡ್ ಅಂತಲೋ ಹೆಸರು. ಜೋರಾದ್ದನ್ನ ಇಳಿಸಿ ಮೆತ್ತಗಿನದ್ದನ್ನ ಏರಿಸುತ್ತೆ. ಸಿನಿಮಾ ಹುಚ್ಚರು ಇದನ್ನ ಪಾಪ ಅಂತಾರೆ. ಅನ್ನಲಿ ಬಿಡಿ, ನಮ್ಮ ತಾತ ಈಗ ಹಾಡು ಬಂದಾಗ ಕಿವಿ ಮುಚ್ಕೊಳ್ಳಲ್ಲ.

ಉಳಿದ 6 ಸಾವಿರದಲ್ಲಿ ಸಬ್ ವೂಫರ್ ತರೋಣ ಅಂತಿದ್ದೆ. ಸ್ನೇಹಿತನದ್ದೊಂದು ತಂದು ಟ್ರಯಲ್ ನೋಡಿದೆ. ಒಂದು ಬ್ಲಾಸ್ಟ್ ಸೀನಿಗೆ ಅಡುಗೆಮನೆಯ ಪಾತ್ರೆ ಗಡಗಡ ಅಂದ್ವು. ಅಜ್ಜಿ ಒಲೆ ಆರಿಸಿ ಬಾಗಿಲಿಗೆ ಓಡಿಬಂದ್ರು. ಗಣಿ ನಡೀತಿದ್ದಾಗ ಆಳದಲ್ಲಿ ಬಂಡೆ ಒತ್ತಡಕ್ಕೆ ಸಿಡೀತಿತ್ತು, ಇಂಗ್ಲಿಷಲ್ಲಿ ರಾಕ್‌ಬರ್ಸ್ಟ್, ಹಳಬರ ಬಾಯಲ್ಲಿ ಏರ್‌ಬ್ಲಾಸ್ಟ್. ಮೇಲೆ ಮನೆಗಳಲ್ಲಿ ಪಾತ್ರೆ ಅಲುಗಾಡಿದ್ರೆ ಕೆಳಗೆ ಯಾರ ಶಿಫ್ಟು ಅಂತ ಮೊದಲು ಲೆಕ್ಕ ಹಾಕ್ತಿದ್ರಂತೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ ಕೊನೆಗೆ, ಅಜ್ಜಿಯ ಕಾಲು ಇನ್ನೂ ಮರೆತಿಲ್ಲ. ಪಕ್ಕದ ಮನೆಯವರೂ ಗೋಡೆ ತಟ್ಟಿದ್ರು, ಅದು ಬೇರೆ ಕಾರಣಕ್ಕೆ. ಕಮ್ಮಿ ಹರ್ಟ್ಸ್ ಶಬ್ದ ಗೋಡೆ ದಾಟಿ ಹೋಗೋದನ್ನ ನಿಲ್ಲಿಸೋಕೆ ಮನೆಯವರ ಹತ್ರ ಸುಲಭದ ಉಪಾಯ ಇಲ್ಲ. ವೂಫರ್ ವಾಪಸ್ ಕೊಟ್ಟೆ. ಮೆನುವಲ್ಲಿ ಸಬ್ ವೂಫರ್ "ಇಲ್ಲ", ಮುಂದಿನ ಸ್ಪೀಕರ್ "ದೊಡ್ಡದು" ಅಂತ ಮಾಡಿ, ಸೆಂಟರ್ ಪ್ಲಸ್ 4ರಲ್ಲಿ ಬಿಟ್ಟಿದ್ದೀನಿ.

ಆ ಸಿನಿಮಾನ ಮತ್ತೆ ಹಾಕಿದೆ. ತಾತ ಪೂರ್ತಿ ಕೂತ್ರು. ಮುಗಿದ ಮೇಲೆ ಕೇಳಿದೆ, ಮಾತು ಕೇಳಿಸ್ತಾ ತಾತ ಅಂತ. "ಕೇಳಿಸ್ತು ಕಣೋ," ಅಂದ್ರು. "ಒಳಗೆ ಡ್ರಿಲ್ ಓಡೋವಾಗ ಅಷ್ಟೊಂದು ಯಾರಪ್ಪ ಮಾತಾಡ್ತಾರೆ?"

ನಿಮ್ಮ ರೂಮಿನ ಅಳತೆ, ಟಿವಿ ಹಿಂದಿನ ಪೋರ್ಟುಗಳ ಒಂದು ಫೋಟೋ, ಕೈಯಲ್ಲಿರೋ ದುಡ್ಡು ಎಷ್ಟು ಅಂತ ಬರೆದು ಕಳ್ಸಿ, ಮುಂದಿನ ಸಂಚಿಕೆಯಲ್ಲಿ ಮೂರ್ನಾಲ್ಕು ಮನೆ ಲೆಕ್ಕ ಒಟ್ಟಿಗೆ ಹಾಕೋಣ. ಕುಕ್ಕರ್ ಕೂಗ್ತಿದೆ, ನಾನು ಊಟಕ್ಕೆ ಹೊರಟೆ.